ಅವಧಾನಭಕ್ತಿ ಮತ್ತು ಪ್ರಸಾದಭಾವ
(ಸಂಕಟಕಾಲದಲ್ಲಿ ಗೃಹಸ್ಥನ ಸಾಧನೆ)

ಸಂಸಾರದಲ್ಲಿರುವವರಿಗೆ ಸುಖದ ದಿನಗಳು ಎಷ್ಟು ಸಹಜವೋ ಕಷ್ಟದ ದಿನಗಳೂ ಅಷ್ಟೇ ಸಹಜವಾದವು. ಮಳೆ ಬಾರದಿದ್ದರೆ ಬೇಸಾಯಗಾರನಿಗೆ ಚಿಂತೆ. ಬಂದ ಮಳೆ ನಿಲ್ಲದಿದ್ದರೂ ಚಿಂತೆ. ಮಗ ಮನೆಯಲ್ಲಿದ್ದರೆ ಉದ್ಯೋಗವಿಲ್ಲವೆಂಬ ಕೊರಗು. ಉದ್ಯೋಗಕ್ಕೆಂದು ಪರವೂರಿಗೆ ಹೋದರೆ ಹೇಗಿದ್ದಾನೋ ಎಂಬ ಕಳವಳ. ಇವೆಲ್ಲವನ್ನೂ ತೊರೆದು ಕಾಡಿಗೆ ಹೋಗಿರೆಂದು ಶರಣರು ಉಪದೇಶಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವಗೋಷ್ಠಿಗೆ ಕಲೆತವರಲ್ಲಿ ನೇಯುವವರು, ದೋಣಿ ನಡೆಸುವವರು, ಕಟ್ಟಿಗೆ ಮಾರುವವರು, ಹಗ್ಗ ಹೊಸೆಯುವವರು ಇದ್ದರು. ಅವರಿಗೆ ಮನೆಯಿತ್ತು, ಮಡದಿಮಕ್ಕಳಿದ್ದರು, ನಾಳಿನ ಊಟದ ಯೋಚನೆಯಿತ್ತು. ಆದುದರಿಂದ ಅವರ ಬೋಧೆಯು ಮಠದ ಜಗಲಿಯ ಮೇಲೆ ಮಾತ್ರವಲ್ಲದೆ ಮನೆಯ ಅಡಿಗೆಮನೆಯಲ್ಲಿಯೂ, ಹೊಲದ ಬದುವಿನಲ್ಲಿಯೂ, ಆಸ್ಪತ್ರೆಯ ಬಾಗಿಲಿನಲ್ಲಿಯೂ ನಿಲ್ಲಬಲ್ಲುದೇ ಎಂದು ಒರೆಹಚ್ಚಿ ನೋಡುವುದು ನ್ಯಾಯವಾದುದು.

ಅಂತಹ ಒರೆಗಲ್ಲು ಹಾಸನ ಸೀಮೆಯ ಜನರಿಗೆ 2025ನೆಯ ಇಸವಿಯಲ್ಲಿ ಎರಡು ಸಲ ಒದಗಿತು. ಒಂದು ಭಯದ ರೂಪದಲ್ಲಿ ಬಂದಿತು; ಇನ್ನೊಂದು ಶೋಕದ ರೂಪದಲ್ಲಿ.

ಆ ವರ್ಷ ಮೇ ತಿಂಗಳ ಕೊನೆಯಿಂದ ಜೂನ್ ತಿಂಗಳು ಮುಗಿಯುವವರೆಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಜನರು ಒಬ್ಬರ ಹಿಂದೊಬ್ಬರಂತೆ ಸಾಯುತ್ತಿದ್ದಾರೆಂಬ ಸುದ್ದಿಯು ಪತ್ರಿಕೆಗಳಲ್ಲಿ ದಿನವೂ ಬರತೊಡಗಿತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವುಗಳ ಲೆಕ್ಕವನ್ನು ಜನರು ಬೆರಳೆಣಿಸಿ ಹೇಳುತ್ತಿದ್ದರು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದುದರಿಂದ ಭಯವು ಮನೆಮನೆಯನ್ನೂ ಹೊಕ್ಕಿತು. ಎದೆಯಲ್ಲಿ ಸಣ್ಣದೊಂದು ಚಳುಕು ಕಂಡರೂ ನಿದ್ರೆ ಹಾರಿಹೋಗುವಂತಾಯಿತು. ಯಾವ ತೊಂದರೆಯೂ ಇಲ್ಲದವರು ಸಹ ಬೆಳಗಿನ ಜಾವದಲ್ಲೇ ಹೊರಟು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹಿಂದಿನ ಕಾಲಕ್ಕೆ ಹೋಲಿಸಿದರೆ ಹೃದಯಾಘಾತದ ಸಾವುಗಳಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದೂ, ಲೆಕ್ಕಕ್ಕೆ ಸೇರಿಸಿದ್ದ ಸಾವುಗಳಲ್ಲಿ ಕೆಲವಕ್ಕೆ ಕಾರಣ ಹೃದಯವೇ ಅಲ್ಲವೆಂದೂ ಜುಲೈ ತಿಂಗಳಲ್ಲಿ ಆ ಸಮಿತಿಯು ವರದಿಮಾಡಿತು. ಸಾವುಗಳು ನಿಜ, ಆ ಮನೆಗಳ ದುಃಖವೂ ನಿಜ. ಆದರೆ ಊರೂರನ್ನು ನಡುಗಿಸಿದ ಭಯವು ಸಾವಿನ ಸಂಖ್ಯೆಗಿಂತ ಬಹಳ ದೊಡ್ಡದಾಗಿ ಬೆಳೆದಿತ್ತು.

ಭಯವಡಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಶೋಕವೇ ಬಂದಿತು. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವ ಸೀಮೆಯಲ್ಲಿ ಮೊಸಳೆಯೆಂಬ ಗ್ರಾಮವಿದೆ. ಹೊಯ್ಸಳರ ಕಾಲದಲ್ಲಿ, ಸುಮಾರು 1200ರ ಹೊತ್ತಿನಲ್ಲಿ ನಿರ್ಮಾಣವಾದ ನಾಗೇಶ್ವರ, ಚೆನ್ನಕೇಶವ ದೇವಾಲಯಗಳು ಅಲ್ಲಿ ಅವಳಿಗಳಂತೆ ಒಂದೇ ರೂಪದಲ್ಲಿ, ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಅದೇ ಸೀಮೆಯ ಮೊಸಳೆಹೊಸಹಳ್ಳಿಯಲ್ಲಿ 2025ನೆಯ ಸೆಪ್ಟೆಂಬರ್ 12ರ ರಾತ್ರಿ ಗಣೇಶ ವಿಸರ್ಜನೆಯ ಮೆರವಣಿಗೆಯು ನಡೆದಿದ್ದಾಗ ಹತೋಟಿ ತಪ್ಪಿದ ಲಾರಿಯೊಂದು ಜನರ ಮೇಲೆ ನುಗ್ಗಿತು. ಹಲವರು ಪ್ರಾಣ ಕಳೆದುಕೊಂಡರು. ಇನ್ನೂ ಹಲವರು ಗಾಯಗೊಂಡರು. ಮಡಿದವರಲ್ಲಿ ಓದುತ್ತಿದ್ದ ತರುಣರೂ ಇದ್ದರು. ಹಬ್ಬದ ಸಂಭ್ರಮವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗೋಳಾಗಿ ಮಾರ್ಪಟ್ಟಿತು.

ಭಯ ಬಂದಾಗ ಏನು ಮಾಡಬೇಕು? ಶೋಕ ಬಂದಾಗ ಏನು ಮಾಡಬೇಕು? ‘ಎಲ್ಲವೂ ಶಿವನ ಇಚ್ಛೆ’ ಎಂದು ಹೇಳಿ ಸುಮ್ಮನಾಗುವುದೇ ಶರಣಧರ್ಮವೇ? ಇಲ್ಲಿ ಈ ವಿಷಯವನ್ನು ಸ್ವಲ್ಪ ವಿಚಾರಮಾಡತಕ್ಕದ್ದು.

ಪ್ರಸಾದಿಸ್ಥಲದ ಸ್ವರೂಪ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ, ಪ್ರಾಣಲಿಂಗಿಗೆ ಅನುಭವಭಕ್ತಿ, ಶರಣನಿಗೆ ಆನಂದಭಕ್ತಿ, ಐಕ್ಯನಿಗೆ ಸಮರಸಭಕ್ತಿ ಎಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಈ ಕ್ರಮವನ್ನು ಬಾಯಿಪಾಠವಾಗಿ ಬಲ್ಲವರು ಅನೇಕರಿದ್ದಾರೆ. ಆದರೆ ಪ್ರಸಾದಿಗೆ ಅವಧಾನವನ್ನೇ ಏಕೆ ಹೇಳಿದರು ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ಕಡಮೆ.

ಪ್ರಸಾದವೆಂದರೆ ಸ್ವೀಕಾರ, ಬಂದುದನ್ನು ಕೈಚಾಚಿ ಪಡೆಯುವುದು. ಅವಧಾನವೆಂದರೆ ಎಚ್ಚರ; ಬಂದುದು ಏನೆಂದು ಮನಸ್ಸನ್ನು ನಿಲ್ಲಿಸಿ ನೋಡುವುದು. ಈ ಎರಡೂ ಒಂದೇ ಸ್ಥಲದಲ್ಲಿ ಕೂಡಿರುವುದು ಆಕಸ್ಮಿಕವಲ್ಲ. ಎಚ್ಚರವಿಲ್ಲದ ಸ್ವೀಕಾರವು ಜಡತನವಾಗುತ್ತದೆ. ಸ್ವೀಕಾರವಿಲ್ಲದ ಎಚ್ಚರವು ಕಳವಳವಾಗುತ್ತದೆ. ಮೊದಲನೆಯವನು ಹೊಡೆತ ತಿಂದರೂ ಮಲಗಿರುವವನು. ಎರಡನೆಯವನು ಹೊಡೆತ ಬೀಳುವ ಮೊದಲೇ ಇರುಳೆಲ್ಲ ಎದ್ದು ಕುಳಿತಿರುವವನು. ಪ್ರಸಾದಿಯು ಇವರಿಬ್ಬರೂ ಅಲ್ಲ.

ಮತ್ತೊಂದು ಅಂಶವೂ ಗಮನಿಸತಕ್ಕದ್ದಾಗಿದೆ. ಈ ಸ್ಥಲಕ್ಕೆ ಇಂದ್ರಿಯಗಳಲ್ಲಿ ನೇತ್ರವನ್ನೂ, ಪದಾರ್ಥಗಳಲ್ಲಿ ರೂಪನ್ನೂ, ಅರ್ಪಿಸುವ ಹಸ್ತಗಳಲ್ಲಿ ನಿರಹಂಕಾರವನ್ನೂ ಹೇಳಿದ್ದಾರೆ. ಕಣ್ಣಿನ ಧರ್ಮವು ಇದ್ದುದನ್ನು ಇದ್ದಂತೆ ಕಾಣುವುದು. ಕಣ್ಣಿಗೂ ರೂಪಿಗೂ ನಡುವೆ ‘ನನಗೆ ಹೀಗಾಗಬಾರದಿತ್ತು, ನನಗೇ ಏಕೆ ಹೀಗಾಯಿತು’ ಎಂಬ ಅಹಂಕಾರದ ಪೊರೆ ಬಂದಾಗ ನೋಟವು ಕೆಡುತ್ತದೆ. ಆ ಪೊರೆಯನ್ನು ಸರಿಸುವುದೇ ನಿರಹಂಕಾರ. ಹೀಗೆ ನೋಡಿದರೆ ಪ್ರಸಾದಿಸ್ಥಲವು ಊಟದ ತಟ್ಟೆಗೆ ಮಾತ್ರ ಸಂಬಂಧಿಸಿದ ಆಚಾರವಾಗಿ ಉಳಿಯದೆ, ಬಾಳಿನ ಪ್ರತಿಯೊಂದು ಪ್ರಸಂಗವನ್ನೂ ಎದುರಿಸುವ ವಿಧಾನವಾಗಿ ತೋರುತ್ತದೆ.

ನೋವು ಒಂದು, ನೋವಿನ ನೆರಳು ಇನ್ನೊಂದು

ಸಂಕಟದಲ್ಲಿ ಎರಡು ಭಾಗಗಳುಂಟು. ಕಾಲಿಗೆ ಮುಳ್ಳು ಚುಚ್ಚಿದರೆ ಆಗುವ ನೋವು ಮೊದಲನೆಯದು. ‘ಈ ದಾರಿಯಲ್ಲಿ ಬಂದದ್ದೇ ತಪ್ಪು, ಇದು ಕೀವಾಗಬಹುದು, ಕಾಲನ್ನೇ ಕತ್ತರಿಸಬೇಕಾದೀತು, ಆಮೇಲೆ ಹೆಂಡತಿ ಮಕ್ಕಳ ಗತಿಯೇನು’ ಎಂದು ಮನಸ್ಸು ಹೆಣೆಯುತ್ತ ಹೋಗುವುದು ಎರಡನೆಯದು. ಬುದ್ಧನು ಇದನ್ನೇ ಒಂದೇ ಮನುಷ್ಯನಿಗೆ ಒಂದರ ಹಿಂದೊಂದು ತಗಲುವ ಎರಡು ಬಾಣಗಳ ದೃಷ್ಟಾಂತದಿಂದ ತಿಳಿಸಿದನೆಂದು ಬೌದ್ಧಗ್ರಂಥಗಳಲ್ಲಿದೆ. ಮೊದಲನೆಯ ಬಾಣವನ್ನು ತಪ್ಪಿಸಿಕೊಳ್ಳುವುದು ಎಲ್ಲ ಸಮಯದಲ್ಲಿಯೂ ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ಎಸೆದುಕೊಳ್ಳುವವರು ನಾವೇ.

2025ರ ಜೂನ್ ತಿಂಗಳಿನ ಭಯವು ಬಹುಮಟ್ಟಿಗೆ ಈ ಎರಡನೆಯ ಬಾಣದ ಕೆಲಸ. ಎದೆಯ ಚಳುಕು ಒಂದು ಕ್ಷಣದ್ದು. ಅದಕ್ಕೆ ವಾಯು ಕಾರಣವಿರಬಹುದು, ಭಾರ ಹೊತ್ತ ಆಯಾಸ ಕಾರಣವಿರಬಹುದು. ಆದರೆ ಮನಸ್ಸು ಆ ಚಳುಕಿಗೆ ಪತ್ರಿಕೆಯ ಸುದ್ದಿಯನ್ನು ಜೋಡಿಸಿತು. ಸುದ್ದಿಗೆ ಪಕ್ಕದೂರಿನವನ ಸಾವನ್ನು ಜೋಡಿಸಿತು. ಅದಕ್ಕೆ ತನ್ನ ಸಾವಿನ ಚಿತ್ರವನ್ನೇ ಜೋಡಿಸಿತು. ಹೆದರಿದವನ ಎದೆ ಸಹಜವಾಗಿಯೇ ಬೇಗ ಬೇಗ ಬಡಿದುಕೊಳ್ಳುತ್ತದೆ. ಆ ಬಡಿತವನ್ನು ಕೇಳಿ ಅವನು ಮತ್ತಷ್ಟು ಹೆದರುತ್ತಾನೆ. ಹೆದರಿಕೆಯು ಬಡಿತವನ್ನೂ ಬಡಿತವು ಹೆದರಿಕೆಯನ್ನೂ ಬೆಳೆಸುವ ಈ ಗಾಣವು ಎತ್ತಿಲ್ಲದೆಯೇ ತಿರುಗುತ್ತಿರುತ್ತದೆ.

ಇದನ್ನು ನಿಲ್ಲಿಸಲು ‘ಹೆದರಬೇಡ’ ಎಂಬ ಅಪ್ಪಣೆಯು ಸಾಲದು. ಔಷಧವನ್ನು ಕುಡಿಯುವಾಗ ಕೋತಿಯನ್ನು ನೆನೆಯಬಾರದೆಂದು ವೈದ್ಯನು ಹೇಳಿದ ಕಥೆಯನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಬಟ್ಟಲನ್ನು ಎತ್ತಿದೊಡನೆ ಕೋತಿಯೇ ಮುಂದೆ ಬಂದು ಕೂರುತ್ತದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಎಂಬವರು ತಮ್ಮ ಸಂಗಡಿಗರೊಡನೆ ನಡೆಸಿ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬಿಳಿಯ ಕರಡಿಯನ್ನು ನೆನೆಯಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅವರು ಅದನ್ನು ಮತ್ತೆ ಮತ್ತೆ ನೆನೆದರು. ಅಷ್ಟೇ ಅಲ್ಲದೆ, ತಡೆಯನ್ನು ತೆಗೆದ ಮೇಲೆ, ಮೊದಲಿನಿಂದಲೇ ನೆನೆಯಲು ಬಿಟ್ಟಿದ್ದವರಿಗಿಂತಲೂ ಹೆಚ್ಚಾಗಿ ನೆನೆದರು. ನಮ್ಮ ಹಿರಿಯರ ಕೋತಿಯೂ ಅವರ ಕರಡಿಯೂ ಹೇಳುವ ಮಾತು ಒಂದೇ. ಮನಸ್ಸಿಗೆ ಬಂದುದನ್ನು ಬಲದಿಂದ ಹೊರಕ್ಕೆ ನೂಕಹೋದರೆ ಅದು ಬಲವನ್ನು ಪಡೆದು ಹಿಂದಿರುಗುತ್ತದೆ. ಹಾಗಾದರೆ ಉಪಾಯವೇನು? ನೂಕದೆ, ಅದರ ಹಿಂದೆಯೂ ಹೋಗದೆ, ನೋಡುವುದೇ ಉಪಾಯ. ಅದಕ್ಕೇ ಅವಧಾನವೆಂದು ಹೆಸರು.

ಅವಧಾನದ ಅಭ್ಯಾಸ

ಇಷ್ಟಲಿಂಗದ ಪೂಜೆಯನ್ನು ಮಾಡುವವರಿಗೆ ಅವಧಾನವು ಹೊಸ ವಿದ್ಯೆಯಲ್ಲ. ಎಡದ ಅಂಗೈಯಲ್ಲಿ ಲಿಂಗವನ್ನಿರಿಸಿ, ಕಣ್ಣಿಗೆ ಸಮನಾಗಿ ಹಿಡಿದು, ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವ ಅಭ್ಯಾಸವು ದೀಕ್ಷೆಯೊಡನೆಯೇ ಬರುತ್ತದೆ. ಆದರೆ ನಿತ್ಯದ ಅವಸರದಲ್ಲಿ ಅದು ಕೈಯ ಕೆಲಸವಾಗಿ ಉಳಿದು, ಕಣ್ಣಿನ ಮತ್ತು ಮನಸ್ಸಿನ ಕೆಲಸವಾಗದೆ ಹೋಗುವುದುಂಟು. ವಿಭೂತಿಯನ್ನು ಧರಿಸುವಾಗ ಹಾಲಿನ ಲೆಕ್ಕ, ಪತ್ರೆಯನ್ನೇರಿಸುವಾಗ ಬಸ್ಸಿನ ವೇಳೆ, ಲಿಂಗವನ್ನು ನಿರೀಕ್ಷಿಸುವಾಗ ನಿನ್ನೆಯ ಜಗಳ. ಹೀಗೆ ಪೂಜೆಯು ಮುಗಿಯುತ್ತದೆಯೇ ಹೊರತು ಆಗುವುದಿಲ್ಲ.

ಇದಕ್ಕಾಗಿ ಯಾರೂ ತಮ್ಮನ್ನು ಹಳಿದುಕೊಳ್ಳಬೇಕಾದುದಿಲ್ಲ. ಮನಸ್ಸು ಹರಿದಾಡುವುದು ಅದರ ಸ್ವಭಾವ. ಬಸವಣ್ಣನವರೇ ತಮ್ಮ ಮನಸ್ಸಿನ ಚಂಚಲತೆಯನ್ನು ಕುರಿತು ಮುಚ್ಚುಮರೆಯಿಲ್ಲದೆ ನಿವೇದಿಸಿಕೊಂಡಿದ್ದಾರೆ. ಸಾಧನೆ ಇರುವುದು ಹರಿದಾಡದೆ ಇರುವುದರಲ್ಲಿ ಅಲ್ಲ. ಹರಿದುಹೋದುದನ್ನು ಕಂಡು, ಬೈಯದೆ, ಮರಳಿ ತರುವುದರಲ್ಲಿ. ಒಂದು ನಿರೀಕ್ಷಣೆಯಲ್ಲಿ ಮನಸ್ಸು ಇಪ್ಪತ್ತು ಸಲ ಹೋಗಿ ಇಪ್ಪತ್ತು ಸಲವೂ ಮರಳಿದರೆ ಆ ಪೂಜೆಯು ಕೆಟ್ಟಿತೆಂದು ತಿಳಿಯಬಾರದು. ಆ ಇಪ್ಪತ್ತು ಮರಳುವಿಕೆಗಳೇ ಅಂದಿನ ಅಭ್ಯಾಸ. ಹೀಗೆ ಲಿಂಗದ ಮುಂದೆ ಮರಳುವುದನ್ನು ಕಲಿತ ಮನಸ್ಸು ಭಯದ ಮುಂದೆಯೂ ಮರಳಬಲ್ಲುದು. ‘ಇದು ಎದೆಯ ಬಡಿತ, ಇದು ಹೆದರಿಕೆ, ಇದು ನಾಳೆಯನ್ನು ಕುರಿತ ಕಲ್ಪನೆ’ ಎಂದು ಒಂದೊಂದಕ್ಕೂ ಅದರದರ ಹೆಸರನ್ನಿಟ್ಟು ನೋಡಬಲ್ಲುದು. ಹೆಸರಿಟ್ಟು ನೋಡಿದ ಕಲ್ಪನೆಯು ಕಲ್ಪನೆಯಾಗಿಯೇ ಕಾಣುತ್ತದೆ. ಹೆಸರಿಡದೆ ಬಿಟ್ಟದ್ದು ಸತ್ಯದ ವೇಷವನ್ನು ಹಾಕಿಕೊಂಡು ಬರುತ್ತದೆ.

ಅಕ್ಕಮಹಾದೇವಿಯು, ಲೋಕದ ನಡುವೆ ಬಾಳುವವರು ಹೊಗಳಿಕೆಗೂ ತೆಗಳಿಕೆಗೂ ಕದಲದೆ ಮನಸ್ಸನ್ನು ನೆಲೆಯಲ್ಲಿಟ್ಟುಕೊಳ್ಳಬೇಕೆಂದು ಬೋಧಿಸಿದಳು. ಅವಳು ಹೇಳಿದ ಆ ಸ್ಥಿರತೆಯು ಕಲ್ಲಿನ ಸ್ಥಿರತೆಯಲ್ಲ. ಸದ್ದನ್ನು ಕೇಳದಿರುವುದು ಕಿವುಡುತನ. ಸದ್ದನ್ನು ಕೇಳಿಯೂ ಅದು ಸದ್ದೆಂದು ತಿಳಿದಿರುವುದು ಅವಧಾನ.

ಪ್ರಸಾದವೆಂದರೆ ಸೋಲಲ್ಲ

ಈಗ ಸ್ವೀಕಾರದ ವಿಚಾರ. ಇಲ್ಲಿಯೇ ಅನೇಕರು ತಪ್ಪುವುದು. ‘ಬಂದದ್ದನ್ನು ಪ್ರಸಾದವೆಂದು ತಿಳಿ’ ಎಂದರೆ ‘ಏನನ್ನೂ ಮಾಡದಿರು’ ಎಂದು ಅರ್ಥಮಾಡುವವರುಂಟು. ಅದು ಶರಣರ ಅಭಿಪ್ರಾಯವಾಗಿದ್ದಿದ್ದರೆ ಕಾಯಕಕ್ಕೆ ಅಷ್ಟು ದೊಡ್ಡ ಸ್ಥಾನವನ್ನು ಅವರು ಕೊಡುತ್ತಿರಲಿಲ್ಲ.

ಹಾಸನ ಸೀಮೆಯ ಆಲೂಗಡ್ಡೆಯ ಬೆಳೆಗಾರನೊಬ್ಬನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪಂಜಾಬಿನ ಜಲಂಧರದ ಕಡೆಯಿಂದ ಬಂದ ಬಿತ್ತನೆಗಡ್ಡೆಗೆ ಸಾಲಮಾಡಿ ಹಣ ಸುರಿದು, ಮುಂಗಾರಿಗೆ ನಾಟಿಮಾಡಿದ್ದಾನೆ. ಗಿಡ ಹುಲುಸಾಗಿ ಎದ್ದಿದೆ. ಅಷ್ಟರಲ್ಲಿ ಬಿಡದೆ ಸೋನೆ ಹಿಡಿದು, ಮೋಡ ಕವಿದು, ಎಲೆಗಳ ಮೇಲೆ ಕಪ್ಪುಚುಕ್ಕೆ ಬಿದ್ದು ಅಂಗಮಾರಿ ಕಾಣಿಸಿಕೊಂಡಿದೆ. ಇದು 1845ರಿಂದ ಐರ್ಲೆಂಡ್ ದೇಶದ ಆಲೂಗಡ್ಡೆಯನ್ನು ಕೊಳೆಸಿ ಘೋರವಾದ ಕ್ಷಾಮವನ್ನು ತಂದ ರೋಗವೇ. ಈಗ ಆ ಬೆಳೆಗಾರನ ಮುಂದೆ ಮೂರು ದಾರಿಗಳಿವೆ. ಒಂದು, ‘ಇದು ರೋಗವಲ್ಲ, ಮಳೆಗೆ ಎಲೆ ಮಂಕಾಗಿದೆ, ಅಷ್ಟೆ’ ಎಂದು ಕಣ್ಣು ಮುಚ್ಚುವುದು. ಎರಡು, ‘ನನ್ನ ಹಣೆಬರಹವೇ ಇಷ್ಟು’ ಎಂದು ಬದುವಿನ ಮೇಲೆ ತಲೆಗೆ ಕೈಹೊತ್ತು ಕೂರುವುದು. ಮೂರು, ‘ರೋಗ ಬಂದಿದೆ’ ಎಂದು ಒಪ್ಪಿ, ಉಳಿದ ಸಾಲುಗಳಿಗೆ ಆ ದಿನವೇ ಔಷಧ ಹೊಡೆಸಿ, ತೋಟಗಾರಿಕೆಯ ಅಧಿಕಾರಿಗಳನ್ನು ಕೇಳಿ, ಬೆಳೆವಿಮೆಯಿದ್ದರೆ ನಷ್ಟವನ್ನು ವೇಳೆಗೆ ಸರಿಯಾಗಿ ತಿಳಿಸಿ, ಮುಂದಿನ ವರ್ಷಕ್ಕೆ ಹೊಲದ ಒಂದು ಭಾಗವನ್ನು ಮುಸುಕಿನ ಜೋಳಕ್ಕೆ ಬಿಡುವ ಯೋಚನೆಮಾಡುವುದು. ಮೊದಲನೆಯವನೂ ಎರಡನೆಯವನೂ ಸ್ವೀಕರಿಸಲಿಲ್ಲ. ಒಬ್ಬನು ಸತ್ಯವನ್ನು ತಳ್ಳಿದನು, ಇನ್ನೊಬ್ಬನು ಕಾಯಕವನ್ನು ತಳ್ಳಿದನು. ನಿಜವಾಗಿ ಸ್ವೀಕರಿಸಿದವನು ಮೂರನೆಯವನು. ಒಪ್ಪಿದ್ದರಿಂದಲೇ ಅವನ ಕೈಗೆ ಕೆಲಸ ಕಂಡಿತು.

ಲಿಂಗಕ್ಕೆ ಅರ್ಪಿಸುವ ಮೊದಲು ಯಾವುದೂ ಬರಿಯ ಪದಾರ್ಥ. ಅರ್ಪಿಸಿದ ಮೇಲೆ ಪ್ರಸಾದ. ಅನ್ನದ ರುಚಿಯು ಅರ್ಪಣೆಯಿಂದ ಬದಲಾಗುವುದಿಲ್ಲ. ಬದಲಾಗುವುದು ಉಣ್ಣುವವನ ಭಾವ. ಅದೇ ರೀತಿಯಲ್ಲಿ ಕಷ್ಟವನ್ನು ಪ್ರಸಾದಭಾವದಿಂದ ಪಡೆದ ಮಾತ್ರಕ್ಕೆ ಕಷ್ಟವು ಸಿಹಿಯಾಗುವುದಿಲ್ಲ. ಅದು ಕಹಿಯಾಗಿಯೇ ಇರುತ್ತದೆ. ಆದರೆ ‘ನನಗೆ ಬರಬಾರದಿತ್ತು’ ಎಂಬ ಹೋರಾಟದಲ್ಲಿ ವ್ಯರ್ಥವಾಗುತ್ತಿದ್ದ ಬಲವು ಉಳಿದು, ಮಾಡಬೇಕಾದ ಕೆಲಸಕ್ಕೆ ಒದಗುತ್ತದೆ.

ಆಯ್ದಕ್ಕಿಯ ಲಕ್ಕಮ್ಮನ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡನಾದ ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ತಮಗೆ ಸಲ್ಲದೆಂದು ಅವಳು ಹಿಂದಕ್ಕೆ ಕಳುಹಿಸಿದಳು. ಬಡತನವನ್ನು ಒಪ್ಪಿದ ಆ ಮನೆಯಲ್ಲಿ ಜಡತನವಾಗಲಿ ದೈನ್ಯವಾಗಲಿ ಇರಲಿಲ್ಲ. ಇಂದಿಗೆ ಸಾಕಾದುದು ಎಷ್ಟೆಂಬ ಸ್ಪಷ್ಟವಾದ ನೋಟವಿತ್ತು; ಆ ನೋಟಕ್ಕೆ ತಕ್ಕ ನಡೆಯಿತ್ತು. ಅವಧಾನ ಮತ್ತು ಪ್ರಸಾದಭಾವ ಎರಡೂ ಒಬ್ಬ ಗೃಹಿಣಿಯ ಒಂದೇ ನಿರ್ಧಾರದಲ್ಲಿ ಹೀಗೆ ಕೂಡಿ ಬಂದವು.

ಶೋಕದ ಮನೆಯಲ್ಲಿ

ಭಯಕ್ಕೆ ಹೇಳಿದ ಮಾತು ಶೋಕಕ್ಕೆ ಹಾಗೆಯೇ ಒಪ್ಪುವುದಿಲ್ಲ. ಭಯವು ಇನ್ನೂ ಆಗದುದನ್ನು ಕುರಿತದ್ದು. ಶೋಕವು ಆಗಿಹೋದುದನ್ನು ಕುರಿತದ್ದು. ಮೊಸಳೆಹೊಸಹಳ್ಳಿಯ ಆ ರಾತ್ರಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ದುಃಖವು ಕಲ್ಪನೆಯಲ್ಲ. ಅದು ಮೊದಲನೆಯ ಬಾಣ. ಅದರ ಆಳವನ್ನು ಅಳೆಯಲು ಯಾರಿಗೂ ಅಧಿಕಾರವಿಲ್ಲ.

ಇಂತಹ ಮನೆಗೆ ಹೋಗಿ ‘ಎಲ್ಲವೂ ಶಿವನ ಪ್ರಸಾದ, ಸಮಾಧಾನ ಮಾಡಿಕೊಳ್ಳಿ’ ಎಂದು ನುಡಿಯುವುದು ಭಕ್ತಿಯಲ್ಲ; ಅವಿವೇಕ. ಹತೋಟಿ ತಪ್ಪಿದ ಲಾರಿಯನ್ನು ಶಿವನು ಪ್ರಸಾದವಾಗಿ ಕಳುಹಿಸಿದನೆಂದು ಹೇಳುವುದು ಪ್ರಸಾದತತ್ತ್ವಕ್ಕೇ ಅಪಚಾರ. ‘ಪೂರ್ವಜನ್ಮದ ಕರ್ಮ’ ಎಂದು ಮಡಿದವರ ಮೇಲೆಯೇ ಭಾರವನ್ನು ಹೊರಿಸುವುದು ಅದಕ್ಕಿಂತಲೂ ಹೆಚ್ಚಿನ ಅಪಚಾರ. ರಸ್ತೆಯ ವೇಗ, ಮೆರವಣಿಗೆಯ ಕಾವಲು, ವಾಹನವನ್ನು ನಡೆಸುವವರ ಎಚ್ಚರ, ಇವೆಲ್ಲವೂ ಮನುಷ್ಯರು ವಿಚಾರಿಸಿ ತಿದ್ದತಕ್ಕ ಸಂಗತಿಗಳು. ಅವುಗಳನ್ನು ಕೇಳುವುದೂ, ಮುಂದಿನ ವರ್ಷ ಇನ್ನೊಂದು ಊರಿನಲ್ಲಿ ಹಾಗಾಗದಂತೆ ನೋಡುವುದೂ ಊರಿನವರ ಕಾಯಕವೇ ಸರಿ. ಪ್ರಸಾದಭಾವವೆಂಬುದು ಬೇರೆಯವರಿಗೆ ಹಂಚುವ ಉಪದೇಶವಲ್ಲ. ತನ್ನ ಮನಸ್ಸಿನಲ್ಲಿ ತಾನೇ, ತನ್ನ ಕಾಲದಲ್ಲಿ ಬೆಳೆಸಿಕೊಳ್ಳತಕ್ಕ ಬಗೆ.

ಹಾಗಾದರೆ ನೆರೆಯವರ ಕರ್ತವ್ಯವೇನು? ಅವರಿಗೂ ಅವಧಾನವೇ ಕರ್ತವ್ಯ. ಹೋಗಿ ಕುಳಿತುಕೊಳ್ಳುವುದು, ಹೇಳಿದ್ದನ್ನು ಕೇಳುವುದು, ಹೇಳದಿದ್ದರೆ ಮೌನವಾಗಿರುವುದು, ಮನೆಯಲ್ಲಿ ಒಲೆ ಉರಿದಿದೆಯೇ, ದನಕ್ಕೆ ನೀರು ಸಿಕ್ಕಿದೆಯೇ, ಚಿಕ್ಕಮಕ್ಕಳು ಉಂಡಿದ್ದಾರೆಯೇ ಎಂದು ನೋಡುವುದು. ಸತ್ತವರ ಹೆಸರನ್ನು ಎತ್ತಿದರೆ ದುಃಖ ಹೆಚ್ಚೀತೆಂದು ಅನೇಕರು ಹೆಸರನ್ನೇ ಮುಚ್ಚಿಡುತ್ತಾರೆ. ತಾಯಿಯ ಮನಸ್ಸಿನಲ್ಲಿ ಆ ಹೆಸರು ಎಲ್ಲ ಹೊತ್ತಿನಲ್ಲಿಯೂ ಇರುತ್ತದೆ; ಇನ್ನೊಬ್ಬರ ಬಾಯಲ್ಲಿ ಅದನ್ನು ಕೇಳಿದರೆ ತನ್ನ ಮಗನನ್ನು ಊರು ಮರೆತಿಲ್ಲವೆಂಬ ಆಸರೆಯಾಗುತ್ತದೆ. ಹದಿನೈದು ದಿನಗಳ ಮೇಲೆ ಬಂಧುಗಳೆಲ್ಲರೂ ಹಿಂದಿರುಗಿದಾಗ ಮನೆಯು ನಿಜವಾಗಿ ಬರಿದಾಗುತ್ತದೆ. ಆ ಹದಿನಾರನೆಯ ದಿನ ಬಾಗಿಲು ತಟ್ಟುವವನು ನಿಜವಾದ ದಾಸೋಹಿ.

ದುಃಖಿತರಿಗೂ ಒಂದು ಮಾತುಂಟು. ಅಳು ಬಂದಾಗ ಅಳುವುದು ಭಕ್ತಿಯ ಕೊರತೆಯಲ್ಲ. ದುಃಖವು ಅಲೆಯಂತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಏರಿದಾಗ ‘ಇದು ಮುಗಿಯುವುದೇ ಇಲ್ಲ’ ಎಂದು ತೋರುತ್ತದೆ. ಇಳಿದಾಗ ‘ಮರೆತೆನಲ್ಲಾ, ನಾನೆಂತಹ ತಾಯಿ’ ಎಂದು ತೋರುತ್ತದೆ. ಎರಡೂ ಮನಸ್ಸು ಹೇಳುವ ಮಾತುಗಳು. ಅವುಗಳನ್ನು ಮಾತುಗಳೆಂದೇ ತಿಳಿದು, ಏರಿಕೆಗೂ ಇಳಿತಕ್ಕೂ ಎಡೆಕೊಡುವುದೇ ಅಲ್ಲಿ ಸಾಧ್ಯವಾದ ಸ್ವೀಕಾರ. ಅದಕ್ಕೆ ತಿಂಗಳುಗಳಾಗಬಹುದು, ವರ್ಷಗಳಾಗಬಹುದು. ಗಡುವನ್ನು ಹಾಕುವವರು ಯಾರೂ ಇಲ್ಲ.

ಇಂದಿನ ವೈದ್ಯರ ಅನುಭವ

ಈ ವಿಚಾರವು ಇಂದು ವೈದ್ಯಶಾಸ್ತ್ರದಲ್ಲಿಯೂ ಬಳಕೆಗೆ ಬಂದಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ವಿದ್ಯಾಲಯದಲ್ಲಿ ಜಾನ್ ಕಬಟ್‌ಝಿನ್ ಎಂಬವರು, ಔಷಧದಿಂದ ತೀರದ ದೀರ್ಘಕಾಲದ ನೋವಿನವರಿಗೆ ಎಚ್ಚರದ ಅಭ್ಯಾಸವನ್ನು ಕಲಿಸತೊಡಗಿದರು. ಉಸಿರನ್ನು ಗಮನಿಸುವುದು, ಮೈಯ ಒಂದೊಂದು ಭಾಗದಲ್ಲಿಯೂ ಮನಸ್ಸನ್ನು ನಿಲ್ಲಿಸುವುದು, ನೋವನ್ನು ನೂಕದೆ ನೋಡುವುದು ಅದರ ಕ್ರಮ. ಅವರು ಬೌದ್ಧರ ಧ್ಯಾನದಿಂದಲೂ ಯೋಗದಿಂದಲೂ ಕಲಿತು, ಮತದ ಹಂಗಿಲ್ಲದೆ ಅದನ್ನು ರೂಪಿಸಿದರು. ಮುಂದೆ ಮನಸ್ಸಿನ ಖಿನ್ನತೆಯ ರೋಗಕ್ಕೂ ಇದನ್ನು ಹೊಂದಿಸಲಾಯಿತು. ಖಿನ್ನತೆಯು ಮೂರು ಅಥವಾ ಹೆಚ್ಚು ಸಲ ಬಂದು ಹೋಗಿದ್ದವರನ್ನು ಕುರಿತು 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸಾಮಾನ್ಯ ಚಿಕಿತ್ಸೆಯನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ 66 ಮಂದಿಗೆ ರೋಗವು ಮರುಕಳಿಸಿದರೆ, ಈ ಅಭ್ಯಾಸವನ್ನು ಕಲಿತವರಲ್ಲಿ ನೂರಕ್ಕೆ 37 ಮಂದಿಗೆ ಮರುಕಳಿಸಿತು. ಎರಡು ಸಲ ಮಾತ್ರ ಖಿನ್ನತೆ ಬಂದಿದ್ದವರಿಗೆ ಅಂತಹ ಪ್ರಯೋಜನ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಒಂದೇ ಮದ್ದು ಎಲ್ಲರಿಗೂ ಅಲ್ಲ.

ಸ್ವೀಕಾರವನ್ನೂ ಸಂಕಲ್ಪವನ್ನೂ ಒಟ್ಟಿಗೆ ಕಲಿಸುವ ಚಿಕಿತ್ಸೆಯೊಂದನ್ನು ಸ್ಟೀವನ್ ಹೇಯ್ಸ್ ಮತ್ತು ಅವರ ಸಂಗಡಿಗರು ಬೆಳೆಸಿದರು. ಒಳಗಿನ ನೋವಿಗೆ ಎಡೆಕೊಡು; ಆದರೆ ನಿನಗೆ ಯಾವುದು ಬೆಲೆಯುಳ್ಳದ್ದೋ ಅದರ ಕಡೆಗೆ ಇಂದೇ ಒಂದು ಹೆಜ್ಜೆಯನ್ನಿಡು ಎಂಬುದು ಅದರ ತಿರುಳು. ವಿಶ್ವ ಆರೋಗ್ಯ ಸಂಸ್ಥೆಯು ಇದರ ಆಧಾರದ ಮೇಲೆ ರಚಿಸಿದ ಪಾಠಗಳನ್ನು, ಯುದ್ಧದಿಂದ ಮನೆಮಾರು ಕಳೆದುಕೊಂಡು ದಕ್ಷಿಣ ಸೂಡಾನಿನಿಂದ ಉಗಾಂಡಕ್ಕೆ ಬಂದ ಸ್ತ್ರೀಯರಿಗೆ ಕಲಿಸಿ ನೋಡಿದಾಗ ಅವರ ಮನಸ್ಸಿನ ತಳಮಳವು ತಗ್ಗಿತೆಂದು 2020ರಲ್ಲಿ ವರದಿಯಾಯಿತು. ಸ್ವೀಕಾರ ಮತ್ತು ಹೆಜ್ಜೆ ಎಂಬ ಈ ಜೋಡಿಯನ್ನು ಕಂಡಾಗ ಪ್ರಸಾದ ಮತ್ತು ಕಾಯಕ ಎಂಬ ಜೋಡಿಯು ನೆನಪಿಗೆ ಬಾರದಿರದು. ಎರಡೂ ಒಂದೇ ಎಂದು ಸಾಧಿಸಹೊರಡುವುದು ಬೇಡ. ಅವರ ಗುರಿ ಆರೋಗ್ಯ, ಶರಣರ ಗುರಿ ಸಾಮರಸ್ಯ. ಆದರೆ ಮೊದಲ ಹರದಾರಿಯಲ್ಲಿ ದಾರಿಯೊಂದೇ.

ನಿತ್ಯಸಾಧನೆಯ ಕ್ರಮ

ಗೃಹಸ್ಥರು ಅನುಸರಿಸಲು ಸುಲಭವಾದ ಕ್ರಮವೊಂದನ್ನು ಇಲ್ಲಿ ಸೂಚಿಸಬಹುದು.

ಮೊದಲನೆಯದು, ಬೆಳಗಿನ ಪೂಜೆಯಲ್ಲಿ ಲಿಂಗನಿರೀಕ್ಷಣೆಗೆ ಹತ್ತು ನಿಮಿಷಗಳನ್ನು ಮೀಸಲಾಗಿಡುವುದು. ಮನಸ್ಸು ಹೋದುದನ್ನು ಕಂಡಾಗ ಸಿಟ್ಟಾಗದೆ ಮರಳಿ ತರುವುದು. ಉಸಿರು ಒಳಕ್ಕೆ ಬರುವುದನ್ನೂ ಹೊರಕ್ಕೆ ಹೋಗುವುದನ್ನೂ ಜೊತೆಯಲ್ಲಿಯೇ ತಿಳಿಯುತ್ತಿರುವುದು.

ಎರಡನೆಯದು, ದಿನದ ಒಂದು ಊಟವನ್ನಾದರೂ ಪ್ರಸಾದವೆಂದು ತಿಳಿದು, ಮಾತಿಲ್ಲದೆ, ಕೈಯಲ್ಲಿ ದೂರವಾಣಿಯಿಲ್ಲದೆ ಉಣ್ಣುವುದು. ಮುದ್ದೆಯ ಬಿಸಿ, ಸಾರಿನ ಹುಳಿ, ಬೆಳೆದವರ ಮತ್ತು ಬೇಯಿಸಿದವರ ಶ್ರಮ, ಇವನ್ನು ಅರಿತು ಉಣ್ಣುವುದು.

ಮೂರನೆಯದು, ಭಯವಾಗಲಿ ಕೋಪವಾಗಲಿ ಬಂದಾಗ ಕೂಡಲೆ ಮಾತನಾಡದೆ ಮೂರು ಉಸಿರು ನಿಲ್ಲುವುದು. ಬಂದುದರ ಹೆಸರನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುವುದು. ಆಮೇಲೆ ‘ಇದರಲ್ಲಿ ನನ್ನ ಕೈಯಲ್ಲಿರುವುದೆಷ್ಟು’ ಎಂದು ಕೇಳಿಕೊಳ್ಳುವುದು. ಕೈಯಲ್ಲಿರುವುದನ್ನು ಕಾಯಕವಾಗಿ ಮಾಡುವುದು. ಇಲ್ಲದುದನ್ನು ಲಿಂಗಕ್ಕೆ ಒಪ್ಪಿಸುವುದು.

ನಾಲ್ಕನೆಯದು, ರಾತ್ರಿ ಮಲಗುವ ಮುನ್ನ ಭಯದ ಸುದ್ದಿಗಳನ್ನು ಓದದಿರುವುದು, ಹಂಚದಿರುವುದು. ನಿಜವೆಂದು ಖಚಿತವಾಗದ ಸಾವಿನ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವುದು ಒಂದು ಬಗೆಯ ಹಿಂಸೆಯೇ.

ಎಲ್ಲಿ ನಿಲ್ಲಬೇಕು

ಸಾಧನೆಗೆ ಎಲ್ಲೆಯುಂಟು. ಎದೆಯ ನಡುವೆ ಒತ್ತಿದಂತಹ ನೋವು ಬಂದು, ಎಡದೋಳಿಗೋ ದವಡೆಗೋ ಹರಡಿ, ಬೆವರು ಮತ್ತು ಉಸಿರುಕಟ್ಟು ಕಾಣಿಸಿದರೆ ಅದು ಧ್ಯಾನಕ್ಕೆ ಕೂರುವ ಹೊತ್ತಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗತಕ್ಕ ಹೊತ್ತು. ರಕ್ತದೊತ್ತಡ, ಸಕ್ಕರೆಯ ಕಾಯಿಲೆಗಳನ್ನು ಪರೀಕ್ಷೆ ಮಾಡಿಸಿಕೊಳ್ಳುವುದೂ, ಬೀಡಿ ತಂಬಾಕುಗಳನ್ನು ಬಿಡುವುದೂ ಅವಧಾನದ ಭಾಗವೇ. ಹಾಗೆಯೇ ಭೀಕರವಾದ ಅಪಘಾತವನ್ನು ಕಣ್ಣಾರೆ ಕಂಡವರಿಗೆ ಕಣ್ಣುಮುಚ್ಚಿ ಕುಳಿತರೆ ಅದೇ ದೃಶ್ಯವು ಮರಳಿ ಬಂದು ಕಾಡುವುದುಂಟು. ಅಂತಹವರು ಬಲವಂತವಾಗಿ ಧ್ಯಾನಕ್ಕೆ ಕೂರಬಾರದು. ಕಣ್ಣು ತೆರೆದು, ಜನರ ನಡುವೆ, ಕೈಕೆಲಸದಲ್ಲಿದ್ದು, ತಿಳಿದ ವೈದ್ಯರನ್ನು ಕಾಣಬೇಕು. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನ್ನಿಸಿದರೆ ಅದನ್ನು ಮುಚ್ಚಿಡುವುದು ಧೈರ್ಯವಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ, ಹಣವಿಲ್ಲದೆ, ಸಲಹೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಸೇವೆಗೆ ಮೇಲ್ಮಟ್ಟದ ಮಾರ್ಗದರ್ಶಕವಾಗಿದೆ. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವವನು ಮನಸ್ಸಿನ ಬೇನೆಗೆ ಹೋಗಲು ನಾಚಬೇಕಾದುದಿಲ್ಲ.

ಉಪಸಂಹಾರ

ಮರುಳಶಂಕರದೇವನು ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಹನ್ನೆರಡು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದನೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಪ್ರಸಾದಿಯ ಸಾಧನೆಯು ಬಹುಮಟ್ಟಿಗೆ ಹೀಗೆಯೇ ಕಾಣದಂತಹುದು. ಅಂಗಮಾರಿ ಬಿದ್ದ ಹೊಲಕ್ಕೆ ಮರುದಿನ ಬೆಳಿಗ್ಗೆ ಮತ್ತೆ ಹೋಗುವ ಬೆಳೆಗಾರನು, ಎದೆ ಡವಗುಟ್ಟಿದರೂ ಸುದ್ದಿಗೆ ಸುದ್ದಿ ಸೇರಿಸದೆ ಪರೀಕ್ಷೆ ಮಾಡಿಸಿಕೊಂಡು ಬಂದು ಕೆಲಸಕ್ಕೆ ತೊಡಗುವ ಗೃಹಸ್ಥನು, ಬರಿದಾದ ಮನೆಯಲ್ಲಿ ಉಳಿದ ಮಕ್ಕಳಿಗಾಗಿ ಒಲೆಯನ್ನು ಹೊತ್ತಿಸುವ ತಾಯಿ, ಹದಿನಾರನೆಯ ದಿನ ಅವಳ ಬಾಗಿಲನ್ನು ತಟ್ಟುವ ನೆರೆಯವಳು, ಇವರನ್ನು ಯಾರೂ ಸಾಧಕರೆಂದು ಕರೆಯುವುದಿಲ್ಲ. ಆದರೆ ಅವಧಾನವೂ ಪ್ರಸಾದವೂ ಅವರಲ್ಲಿ ನೆಲೆಗೊಂಡಿವೆ. ಮೊಸಳೆಯ ಎರಡು ಗುಡಿಗಳಂತೆ ಈ ಎರಡು ಗುಣಗಳೂ ಅಕ್ಕಪಕ್ಕದಲ್ಲಿ ನಿಂತಾಗ ಬಾಳಿಗೆ ಆಸರೆಯಾಗುತ್ತವೆ. ಸದ್ಭಕ್ತರು ನಾಳೆಯ ಬೆಳಗಿನ ಪೂಜೆಯಿಂದಲೇ ಇದನ್ನು ಆರಂಭಿಸಿ ನೋಡತಕ್ಕದ್ದು. ಸಂಕಟ ಬಂದ ದಿನ ಕಲಿಯುವುದು ಕಷ್ಟ. ಮೊದಲೇ ಕಲಿತದ್ದು ಅಂದು ಕೈಹಿಡಿಯುತ್ತದೆ.